ತಳ್ಳುಗಾಡಿಯಲ್ಲಿ ಬೀದಿ ಸುತ್ತಿ ಮಾರುವವರಿಗೂ ಪಾಲಿಕೆಯ ಪರವಾನಗಿ ಬೇಕೇ?

ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಒಂದೇ ಕಡೆ ಕೂರುವವರ ಜೊತೆ ಸುತ್ತಾಡಿ ಮಾರುವವರೂ ಸೇರುತ್ತಾರೆ. ಆದರೆ ವ್ಯಾಪಾರಿಗಳ ಸಮೀಕ್ಷೆ ಮಾಡಿ ಆ ಪರವಾನಗಿ, ಅಂದರೆ ವ್ಯಾಪಾರ ಪ್ರಮಾಣಪತ್ರ ಕೊಡುವ ಹೊಣೆ ಸ್ಥಳೀಯ ಸಂಸ್ಥೆಯದ್ದೇ. ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ 3ನೇ ಸೆಕ್ಷನ್.

ಜಗಳ ಇರುವುದು ಇಲ್ಲೇ. ಬಾಡಿಗೆ, ತೆರಿಗೆ ಕಟ್ಟುವ ಅಂಗಡಿಯವರು ‘ನಮ್ಮ ಬಾಗಿಲಿಗೇ ಗಾಡಿ ಅಡ್ಡ’ ಎಂದು ದೂರುತ್ತಾರೆ (ಪೂರ್ತಿ ಸುಳ್ಳೇನಲ್ಲ). ಇದನ್ನು ಕೂತು ಬಗೆಹರಿಸಬೇಕಾದ್ದು ಇದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿ. ಅದರಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಸಮಿತಿ ಹೆಸರಿಗಷ್ಟೇ ಇರುವ ಊರಲ್ಲಿ ಲಾರಿ ತಂದು ಗಾಡಿ ಎತ್ತುವುದೇ ನಿಯಂತ್ರಣ!

ಹಾಗೆ ಎತ್ತಿದರೆ ಸಹಿ ಇರುವ ಜಪ್ತಿ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಶುಲ್ಕ ಕಟ್ಟಿ ಕೇಳಿದರೆ ಸೊಪ್ಪು, ಹಣ್ಣಿನಂಥ ಕೆಡುವ ಮಾಲನ್ನು ಅದೇ ದಿನ ಬಿಡಬೇಕು. ಮಿಕ್ಕ ಸಾಮಾನಿಗೆ ಎರಡು ಕೆಲಸದ ದಿನ.