ಲ್ಯಾಪ್‌ಟಾಪಿನ ವಾಲ್ಯೂಮೋ, ಆಂಪ್ಲಿಫೈಯರ್ ನಾಬೋ?

ಸರ್, ಲ್ಯಾಪ್‌ಟಾಪಿನ್ಯಾಗ ವಾಲ್ಯೂಮ್ ಇಳಿಸಿದ್ರ ಹಾಡಿನ ಕ್ವಾಲಿಟಿ ಕೆಡ್ತದೇನು ಅಂತ ಕೇಳೀರಿ. ಲೆಕ್ಕಕ್ಕ ಹೌದು, ಕಿವಿಗೆ ಬಹುತೇಕ ಇಲ್ಲ.

ಡಿಜಿಟಲ್‌ನ್ಯಾಗ 6 ಡೆಸಿಬಲ್ ಇಳಿಸಿದ್ರ ಸುಮಾರು 1 ಬಿಟ್ ಹೋದಂಗ. ಬಿಟ್ ಅಂದ್ರ ದನಿಯ ಏರಿಳಿತ ಎಷ್ಟು ಸೂಕ್ಷ್ಮಾಗಿ ಬರೆದಿಟ್ಟಾರ ಅನ್ನೋ ಲೆಕ್ಕ. ಸಿಡಿ ಹಾಡು 16 ಬಿಟ್. ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪ್ಲಿಫೈಯರಿಗೆ ಹೋಗೋ ಸಿಗ್ನಲ್ ಮಾಡೋ ಸಾಧನ) ಸೈತ ಹಳೇ 16 ಬಿಟ್ಟಿಂದಿದ್ರ, 24 ಡೆಸಿಬಲ್ ಇಳಿಸಿದಾಗ ಉಳಿಯೋದು 12 ಅಷ್ಟ. ಆಲಾಪ ಮುಗಿದು ತಂಬೂರಿ ನಾದ ಕರಗೋ ಹೊತ್ತಿನ್ಯಾಗ ಸಣ್ಣಗ ಗೊರಗೊರ ಕೇಳಬಹುದು. 24 ಬಿಟ್ ಡ್ಯಾಕಿದ್ರ ಕೆಳಗ 8 ಬಿಟ್ ಖಾಲಿ ಇರ್ತಾವ, ಅಂದ್ರ ಕಾಗದದ ಮ್ಯಾಲ 48 ಡೆಸಿಬಲ್‌ತನಕ ಚಿಂತಿಲ್ಲ. ಅದಕ್ಕೂ ಮೊದಲ ಡ್ಯಾಕಿನ ಸ್ವಂತ ಸುಸ್ ಸಪ್ಪಳ ಅಡ್ಡ ಬರ್ತದ, ಆ ಮಾತು ಬ್ಯಾರೆ. ನಮ್ಮ ವಿಜಯಪುರದ ಬ್ಯಾಸಗ್ಯಾಗ ಫ್ಯಾನು 5ರ ಮ್ಯಾಲ ತಿರುಗುವಾಗ ಯಾವ ಬಿಟ್ ಕೇಳಿಸ್ತದ ಬಿಡ್ರಿ!

ನಾಬ್ ಏನ್ ಸಾಚಾ ಅಲ್ಲ. ನನ್ನ ಹಳೇ ಆಂಪ್ಲಿಫೈಯರಿನ ನಾಬ್ ತೀರಾ ಕೆಳಗಿಟ್ರ ಎಡಗಡೆ ಸ್ಪೀಕರ್ ಅಷ್ಟ ಹಾಡ್ತದ, ಬಲಗಡೆದು ಮಕ್ಕೊಂಡಿರ್ತದ. ಅದಕ್ಕ ರಾತ್ರಿ ಹೊತ್ತು ನಾಬ್ ಸ್ವಲ್ಪ ಏರಿಸಿ, ಲ್ಯಾಪ್‌ಟಾಪಿನ್ಯಾಗ 20 ಡೆಸಿಬಲ್ ಇಳಿಸಿ ಕೇಳ್ತೀನಿ. ಎರಡೂ ಕಡೆ ಸಮ ಬರ್ತದ.

ನೀವು ಸೌಂಡ್ ಸೆಟ್ಟಿಂಗಿನ್ಯಾಗ ಔಟ್‌ಪುಟ್ 24 ಬಿಟ್ ಮಾಡಿ ನೋಡ್ರಿ. ಡ್ಯಾಕಿನಿಂದ ಸೀದಾ, ನಡುವ ನಾಬ್ ಇಲ್ಲದ, ಪವರ್ ಆಂಪ್ಲಿಫೈಯರಿಗೆ ವೈರ್ ಕೊಟ್ಟಿದ್ರ ಮಾತ್ರ ಹುಷಾರ್ರಿ, ಅಪ್‌ಡೇಟ್ ಆದಮ್ಯಾಲ ವಾಲ್ಯೂಮ್ ತಾನಾಗೇ 100ಕ್ಕ ಹೋಗಿದ್ರ ಟ್ವೀಟರ್ (ಸ್ಪೀಕರಿನ್ಯಾಗ ಕೀರಲು ದನಿ ಹೊರಡಿಸೋ ಸಣ್ಣ ಭಾಗ) ಸುಟ್ಟು ಹೋಗಬಹುದು.