ಥೈಲ್ಯಾಂಡಿನ ರೈಲು, ಬೀದಿ ತಿಂಡಿ, ಹುರಿದ ಹುಳ: ಶಿರಸಿ ಅಕ್ಕನ ಪ್ರಶ್ನೆಗೆ ಅಂಕೋಲೆಯಿಂದ ಉತ್ತರ

ಅಕ್ಕಾ, ನಮಸ್ಕಾರ. ಹಿತ್ತಲ ತೋಟದ ಗುಂಪಿನಲ್ಲಿ ಪ್ರವಾಸದ ವಿಷಯ ಕೇಳಬಹುದೋ ಇಲ್ಲವೋ ಅಂತ ಅಳುಕುತ್ತಾ ಬರೆದಿದ್ದೀರಿ. ಧಾರಾಳವಾಗಿ ಕೇಳಿ. ಡಿಸೆಂಬರ್ ರಜೆಯಲ್ಲಿ ಮೂವರೂ ಥೈಲ್ಯಾಂಡಿಗೆ ಹೊರಟಿದ್ದೀರಿ. ಒಂಬತ್ತನೇ ಕ್ಲಾಸಿನ ಮಗನಿಗೆ ಅಲ್ಲಿ ರೈಲಿನಲ್ಲೇ ಓಡಾಡಬೇಕು, ಹುರಿದ ಹುಳವನ್ನೂ ತಿಂದು ನೋಡಬೇಕು. ನೀವೂ ಭಾವನವರೂ ಸಸ್ಯಾಹಾರಿಗಳು. ಹುಡುಗನನ್ನು ತಡೆಯಬೇಕಾ, ನಿಮಗೆ ತಿನ್ನಲು ಏನಾದರೂ ಸಿಗುತ್ತದಾ, ದುರಿಯನ್ ಬೀಜ ತರಬಹುದಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾವಿಬ್ಬರು 11 ದಿನ ಅಲ್ಲಿದ್ದೆವು, ಹೆಚ್ಚು ಪಾಲು ರೈಲಿನಲ್ಲೇ ತಿರುಗಿದೆವು. ಆ ಅನುಭವದ ಮೇಲೆ ಹೇಳುತ್ತೇನೆ.

ಹುಡುಗನನ್ನು ತಡೆಯಬೇಡಿ. ಆದರೆ ಮೊದಲ ದಿನವೇ ಹುಳದ ತಳ್ಳುಗಾಡಿ ಮುಂದೆ ನಿಲ್ಲಿಸಬೇಡಿ. ನಾಲಿಗೆಗೆ ಪರಿಚಯ ಇರುವ ರುಚಿಯಿಂದ ಶುರು ಮಾಡಿ. ಎರಡು ಮೂರು ದಿನದಲ್ಲಿ ಆ ಊರಿನ ಎಣ್ಣೆ, ಖಾರ, ನೀರು ಹೊಟ್ಟೆಗೆ ಒಗ್ಗುತ್ತದೆ. ಆಮೇಲೆ ಹೊಸದು ಏನು ತಿಂದರೂ ಸಂತೋಷ ಇರುತ್ತದೆ.

ನಾನಾದರೆ ಖನೋಮ್ ಕ್ರೋಕ್‌ನಿಂದ ಶುರು ಮಾಡಿಸುತ್ತೇನೆ. ಬೀದಿ ಬದಿಯಲ್ಲಿ ಗುಳಿಗಳಿರುವ ದಪ್ಪ ಕಾವಲಿ ಕಾಣುತ್ತದೆ, ನಮ್ಮ ಪಡ್ಡಿನ ಕಾವಲಿಯೇ ಸರಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಸ್ವಲ್ಪ ಸಕ್ಕರೆ, ಉಪ್ಪು. ಅಡಿ ಗರಿಗರಿ, ಮೇಲೆ ಇನ್ನೂ ಹಾಲು ಹಾಲು. ಎರಡು ಅರ್ಧಗಳನ್ನು ಜೋಡಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಮೊದಲ ತುತ್ತಿಗೇ ನನ್ನ ಹೆಂಡತಿ "ಇದು ನಮ್ಮನೆಯದೇ ಅಲ್ವಾ" ಅಂದಳು. ಕೆಲವರು ಮೇಲೆ ಈರುಳ್ಳಿ ಸೊಪ್ಪು, ಜೋಳ ಹಾಕುತ್ತಾರೆ. ಇನ್ನೊಂದು ಖಾವ್ ಲಾಮ್. ಅಂಟು ಅಕ್ಕಿಯನ್ನು ತೆಂಗಿನ ಹಾಲಿನ ಜೊತೆ ಬಿದಿರ ಗಳಕ್ಕೆ ತುಂಬಿ ಕೆಂಡದಲ್ಲಿ ಸುಡುತ್ತಾರೆ. ಬಿದಿರು ಸೀಳಿದರೆ ಒಳಗಿನ ತೆಳು ಪೊರೆ ಅಕ್ಕಿಗೆ ಅಂಟಿಕೊಂಡೇ ಬರುತ್ತದೆ. ರೈಲಿಗೆ ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ.

ನಿಮಗೂ ಭಾವನವರಿಗೂ ಮುಖ್ಯ ವಿಷಯ: ಅಲ್ಲಿ ನಾಮ್ ಪ್ಲಾ ಎಂಬ ಮೀನಿನ ರಸವನ್ನು ನಾವು ಉಪ್ಪು ಹಾಕುವಷ್ಟು ಸಹಜವಾಗಿ ಹಾಕುತ್ತಾರೆ. ತರಕಾರಿ ಹುರಿದಿದ್ದರೂ, ಪಪ್ಪಾಯಿ ಕಾಯಿಯ ಕೋಸಂಬರಿಯಂಥ ಸೋಮ್ ತಮ್ ಆದರೂ ಅದು ಇರುತ್ತದೆ. "ಮಾಂಸ ಬೇಡ" ಅಂದರೆ ಸಾಲದು. "ಜೇ" ಅನ್ನಬೇಕು. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಅಂಥ ಅಂಗಡಿ ಮುಂದೆ ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುತ್ತದೆ, ದೂರದಿಂದಲೇ ಕಾಣುತ್ತದೆ. ಬೇರೆ ಕಡೆ "ಮಾಯ್ ಸೈ ನಾಮ್ ಪ್ಲಾ" ಅನ್ನಿ, ಮೀನಿನ ರಸ ಹಾಕಬೇಡಿ ಅಂತ ಅರ್ಥ. ನಮ್ಮ ಉಚ್ಚಾರಣೆ ಅವರಿಗೆ ತಿಳಿಯದೇ ಇರಬಹುದು. ಹಾಗಾಗಿ ಥಾಯ್ ಅಕ್ಷರದಲ್ಲಿ ಬರೆಸಿಕೊಂಡು ಮೊಬೈಲಿನಲ್ಲಿ ತೋರಿಸುವುದು ಒಳ್ಳೆಯದು.

ಈಗ ರೈಲು. ಒಂದೇ ಒಂದು ದಿನ ರೈಲಿಗೆ ಕೊಡುವುದಾದರೆ ಬ್ಯಾಂಕಾಕ್ ಹತ್ತಿರದ ಮೇಕ್ಲಾಂಗ್ ಎಂಬ ಊರಿನ ದಾರಿಗೆ ಕೊಡಿ. ಹಳಿಯ ಮೇಲೆ ಸಂತೆ ಕೂರುತ್ತದೆ, ಗಾಡಿ ಬಂದಾಗ ಚಪ್ಪರ ಮಡಚುತ್ತಾರೆ, ಆ ವಿಡಿಯೋ ನೀವೂ ನೋಡಿರುತ್ತೀರಿ. ಹೆಚ್ಚಿನವರು ವ್ಯಾನಿನಲ್ಲಿ ಹೋಗಿ, ಗಾಡಿ ಬರುವುದನ್ನು ನೋಡಿ, ಫೋಟೋ ತೆಗೆದು ವಾಪಸ್ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಆ ಗಾಡಿಯ ಒಳಗೇ ಕೂತು ಹೋಗಿ.

ಬ್ಯಾಂಕಾಕಿನ ವೊಂಗ್ವಿಯನ್ ಯೈ ಎಂಬ ಸಣ್ಣ ನಿಲ್ದಾಣದಿಂದ ಹೊರಡಬೇಕು. ಅದೇ ಹೆಸರಿನ ಮೇಲ್ಸೇತುವೆ ರೈಲಿನ ನಿಲ್ದಾಣ ಬೇರೆ, ಅಲ್ಲಿಂದ ಸ್ವಲ್ಪ ನಡೆಯಬೇಕು, ಗೊಂದಲ ಬೇಡ. ಫ್ಯಾನ್ ಗಾಡಿ, ತೆರೆದ ಕಿಟಕಿ, ಟಿಕೆಟ್ 10 ಬಾತ್ (ಬಾತ್ ಅಂದರೆ ಅಲ್ಲಿನ ಹಣ). ಒಂದು ಗಂಟೆಯಲ್ಲಿ ಮಹಾಚಾಯ್ ತಲುಪುತ್ತದೆ. ಅಲ್ಲಿ ಹಳಿ ಮುಗಿಯುತ್ತದೆ, ಎದುರಿಗೆ ತಾ ಚಿನ್ ನದಿ. ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಸ್ವಲ್ಪ ನಡೆದರೆ ಬಾನ್ ಲೇಮ್ ನಿಲ್ದಾಣ. ಮತ್ತೆ 10 ಬಾತ್, ಮತ್ತೆ ಒಂದು ಗಂಟೆ. ಉಪ್ಪಿನ ಆಗರ, ಕಾಂಡ್ಲ (ಮ್ಯಾಂಗ್ರೋವ್) ಗಿಡ, ಸಿಗಡಿ ಹೊಂಡ ದಾಟಿಕೊಂಡು ಹೋಗುತ್ತದೆ. ಸಾಣಿಕಟ್ಟೆಯ ಆಗರ, ತದಡಿಯಿಂದ ಅಘನಾಶಿನಿ ದಾಟುವ ದೋಣಿ ನೋಡಿದವರಿಗೆ ಮೈ ಜುಮ್ಮೆನ್ನುವಷ್ಟು ಹೋಲಿಕೆ. ಕೊನೆಯಲ್ಲಿ ಗಾಡಿ ನಿಧಾನವಾಗಿ ಸಂತೆಯೊಳಗೆ ನುಗ್ಗುತ್ತದೆ. ಕಿಟಕಿಯಿಂದ ಕೈ, ಮೊಬೈಲು ಹೊರಗೆ ಚಾಚಬೇಡಿ ಅಂತ ಮಗನಿಗೆ ಮೊದಲೇ ಹೇಳಿಡಿ. ತರಕಾರಿ ಬುಟ್ಟಿಗೂ ಗಾಡಿಗೂ ಒಂದು ಗೇಣು ಇರುವುದಿಲ್ಲ.

ಈ ದಾರಿಯಲ್ಲಿ ಗಾಡಿ ಬಹಳ ಇಲ್ಲ. ಬಾನ್ ಲೇಮ್‌ನಿಂದ ಮೇಕ್ಲಾಂಗಿಗೆ ದಿನಕ್ಕೆ ನಾಲ್ಕು ಮಾತ್ರ. ನಾವು ಬೆಳಿಗ್ಗೆ 10:10ರದ್ದು ಹಿಡಿದೆವು. ವೇಳೆ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ವಿಚಾರಿಸಿ, ಅದಕ್ಕೆ ತಕ್ಕಂತೆ ಬ್ಯಾಂಕಾಕ್ ಬಿಡಿ.

ಮೀನು ತಿನ್ನುವ ಗುಂಪಿನವರಿಗೆ ಒಂದು ಮಾತು. ಮೇಕ್ಲಾಂಗ್ ಹೆಸರುವಾಸಿ ಆಗಿರುವುದು ಪ್ಲಾ ಥೂ ಎಂಬ ಮೀನಿಗೆ. ಅದು ನಮ್ಮ ಬಂಗಡೆಯ ಹತ್ತಿರದ ನೆಂಟ. ದುಂಡನೆಯ ಬಿದಿರ ಬುಟ್ಟಿಯಲ್ಲಿ ಎರಡು ಮೂರು ಮೀನು ಹಿಡಿಸಲು ಅದರ ಕತ್ತು ಬಗ್ಗಿಸಿ ಇಟ್ಟಿರುತ್ತಾರೆ. "ಸೊಟ್ಟ ಮುಖ, ಮುರಿದ ಕತ್ತು" ಅಂತಲೇ ಅವರು ಅದನ್ನು ಕರೆಯುತ್ತಾರೆ. ಆವಿಯಲ್ಲಿ ಬೇಯಿಸಿದ್ದನ್ನು ಎಣ್ಣೆಯಲ್ಲಿ ಹುರಿದು, ಸಿಗಡಿ ಚಟ್ನಿ ಜೊತೆ ಅನ್ನಕ್ಕೆ ಹಾಕಿಕೊಂಡು ತಿನ್ನಬೇಕು. ಅಂಕೋಲೆಯ ಬಂಗಡೆ ತಿಂದು ಬೆಳೆದ ನನಗೆ ಆ ಊಟ ಇನ್ನೂ ಬಾಯಲ್ಲಿದೆ.

ದೂರದ ಪ್ರಯಾಣಕ್ಕೆ ಬ್ಯಾಂಕಾಕಿನಿಂದ ಉತ್ತರದ ಚಿಯಾಂಗ್ ಮೈ ಊರಿಗೆ ರಾತ್ರಿ ಗಾಡಿ ಇದೆ, 751 ಕಿಲೋಮೀಟರ್, ಹೆಚ್ಚು ಕಡಿಮೆ 12-13 ಗಂಟೆ. 2023ರ ಜನವರಿಯಿಂದ ದೂರದ ಗಾಡಿಗಳಲ್ಲಿ ಹೆಚ್ಚಿನವು ಕ್ರುಂಗ್ ಥೆಪ್ ಅಫಿವಾತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಬರಹ ನೋಡಿ ಹುವಾ ಲಂಫೋಂಗ್ ನಿಲ್ದಾಣಕ್ಕೆ ಹೋಗಿ ನಿಂತರೆ ಗಾಡಿ ತಪ್ಪುತ್ತದೆ. ಎರಡನೇ ದರ್ಜೆಯ ಏಸಿ ಸ್ಲೀಪರ್ ತೆಗೆದುಕೊಳ್ಳಿ, ಕೆಳಗಿನ ಬರ್ತ್ ಅಗಲ ಜಾಸ್ತಿ. ಸೀಟು ಎಳೆದು, ಹಾಸಿಗೆ ಹಾಸಿ, ಪರದೆ ಕಟ್ಟಿ ಸಿಬ್ಬಂದಿಯೇ ಸಿದ್ಧ ಮಾಡಿಕೊಡುತ್ತಾರೆ. ಒಳಗೆ ಚಳಿ ಬಹಳ, ಶಾಲು ಇರಲಿ. ಅಲ್ಲಿನದು ಮೀಟರ್ ಗೇಜ್ ಹಳಿ. ಹಿಂದೆ ಲೋಂಡಾದಿಂದ ಗೋವೆಗೆ ಮೀಟರ್ ಗೇಜಿನಲ್ಲಿ ಹೋದವರಿಗೆ ಆ ತೂಗಾಟ ನೆನಪಿರುತ್ತದೆ. 2014ರಿಂದ ಗಾಡಿಯಲ್ಲಿ ಮದ್ಯ ನಿಷೇಧ, ಹಾಗಾಗಿ ಮಕ್ಕಳ ಜೊತೆ ನೆಮ್ಮದಿಯಾಗಿ ಹೋಗಬಹುದು. ಡಿಸೆಂಬರಿನಲ್ಲಿ ಬರ್ತ್ ಬೇಗ ಮುಗಿಯುತ್ತದೆ, ತಡ ಮಾಡಬೇಡಿ.

ಇನ್ನು ಹುಳ. ನಿಮಗೆ ಅಸಹ್ಯ ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಜಿಲ್ಲೆಯ ಕಾಡಂಚಿನಲ್ಲೇ ಕೆಂಪಿರುವೆ ಚಟ್ನಿ ಅರೆಯುತ್ತಾರಲ್ಲ. ಮಾವಿನ ಎಲೆ ಹೊಲಿದು ಗೂಡು ಕಟ್ಟುವ ಅದೇ ಜಾತಿಯ ಇರುವೆಯ ಮೊಟ್ಟೆಯನ್ನು ಥೈಲ್ಯಾಂಡಿನ ಈಶಾನ್ಯ ಭಾಗದವರು ಬೇಸಿಗೆಯಲ್ಲಿ ಪಲ್ಯಕ್ಕೆ, ಸಾರಿಗೆ ಹಾಕುತ್ತಾರೆ. ಬಯಲಿನ ಜನ ಹೊಟ್ಟೆ ತುಂಬಿಸಿಕೊಳ್ಳಲು ಕಂಡುಕೊಂಡ ಊಟ ಅದು. ಮುಖ ಸಿಂಡರಿಸದೆ ತಿನ್ನಲು ಮಗನಿಗೆ ಹೇಳಿ, ಮಾರುವ ಅಮ್ಮನಿಗೆ ಖುಷಿಯಾಗುತ್ತದೆ.

ಎಲ್ಲಿ ತಿನ್ನಬೇಕು ಅಂದರೆ, ಊರಿನವರೇ ಕೊಳ್ಳುವ ಸಂಜೆ ಸಂತೆಯಲ್ಲಿ. ಪ್ರವಾಸಿಗರ ಬೀದಿಯಲ್ಲಿ ಕಡ್ಡಿಗೆ ಚುಚ್ಚಿದ ಚೇಳು ಫೋಟೋಗೆ ಅಂತ ಇಟ್ಟದ್ದು, ಯಾವಾಗ ಕರಿದದ್ದೋ ಗೊತ್ತಾಗುವುದಿಲ್ಲ. ಬೇಡ. ಮೊದಲು ಬಿದಿರ ಹುಳ ಕೊಡಿಸಿ. ಅದರ ಹೆಸರು ರೋತ್ ದುವನ್, ಅಂದರೆ ಎಕ್ಸ್‌ಪ್ರೆಸ್ ಗಾಡಿ! ರೈಲು ಹುಚ್ಚಿನ ಹುಡುಗನಿಗೆ ಸರಿಯಾಗಿದೆ. ಬಿದಿರಿನೊಳಗೆ ಬೆಳೆಯುವ ಒಂದು ಪತಂಗದ ಮರಿ ಅದು. ಬೆಣ್ಣೆ ಸವರಿದ ಜೋಳದ ಅರಳಿನ ರುಚಿ. ಆಮೇಲೆ ಚಿಮ್ಮಂಡೆ. ಅದು ಹುರಿದ ಒಣ ಶೆಟ್ಲಿಯ (ಸಣ್ಣ ಸಿಗಡಿಯ) ಹಾಗೇ ಇರುತ್ತದೆ. ಮಿಡತೆ ಆದರೆ ಹಿಂಗಾಲು ಕಿತ್ತು ತಿನ್ನಬೇಕು, ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಕರಿದ ಮೇಲೆ ಸೋಯಾ ರಸ ಸಿಂಪಡಿಸಿ ಬಿಳಿ ಮೆಣಸಿನ ಪುಡಿ ಹಾಕುತ್ತಾರೆ.

ಒಂದು ಎಚ್ಚರ, ದಯವಿಟ್ಟು ಗಮನಿಸಿ. ಸಿಗಡಿ, ಏಡಿ ತಿಂದರೆ ಮೈ ತುರಿಸುವವರಿಗೆ, ತುಟಿ ಊದುವವರಿಗೆ ಹುಳವೂ ಆಗುವುದಿಲ್ಲ. ಎರಡರಲ್ಲೂ ಒಂದೇ ಬಗೆಯ ಪ್ರೋಟೀನ್ ಇದೆ. ನಿಮ್ಮ ಮಗ ಸಿಗಡಿಯನ್ನೇ ತಿಂದಿಲ್ಲದಿದ್ದರೆ ಅವನಿಗೆ ಅಲರ್ಜಿ ಇದೆಯೋ ಇಲ್ಲವೋ ನಿಮಗೂ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಒಂದೇ ಒಂದು ಹುಳ, ಅರ್ಧ ಗಂಟೆ ಬಿಟ್ಟು ಮುಂದಿನದು. ರಾತ್ರಿ ಗಾಡಿ ಹತ್ತುವ ದಿನ ಈ ಪ್ರಯೋಗ ಬೇಡವೇ ಬೇಡ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಚಿಯಾಂಗ್ ಮೈ ಗಾಡಿ ಹತ್ತುವ ಸಂಜೆ, ಹಸಿ ಏಡಿ ಜಜ್ಜಿ ಹಾಕಿದ ಸೋಮ್ ತಮ್ ತಿಂದೆ. ರಾತ್ರಿ ಇಡೀ ಬರ್ತಿಗೂ ಶೌಚಾಲಯಕ್ಕೂ ಓಡಾಡಿದೆ. ಓಆರ್‌ಎಸ್ ಪೊಟ್ಟಣ ಹೆಂಡತಿಯ ಚೀಲದಲ್ಲಿ ಇತ್ತು, ಅದೇ ಕಾಪಾಡಿತು. ಹುಳದಿಂದ ನನಗೆ ಏನೂ ಆಗಲಿಲ್ಲ, ಚೆನ್ನಾಗಿ ಕರಿದಿರುತ್ತಾರೆ. ತೊಂದರೆ ಇರುವುದು ಹಸಿಯದರಲ್ಲಿ. ಹಸಿ ಏಡಿ, ಹಸಿ ಸಿಹಿನೀರ ಮೀನು ಮುಟ್ಟಬೇಡಿ. ಆ ಮೀನಿನಿಂದ ಪಿತ್ತಕೋಶದ ದಾರಿಗೆ ಸೇರುವ ಹುಳ ಅಲ್ಲಿ ದೊಡ್ಡ ಕಾಯಿಲೆ. ಐಸ್ ಹಾಕಿಸಿಕೊಳ್ಳುವುದಾದರೆ ನಡುವೆ ತೂತಿರುವ ಕೊಳವೆ ಐಸ್ ನೋಡಿ, ಅದು ಕಾರ್ಖಾನೆಯದು.

ಕೃಷಿಕರಿಗೆ ಇನ್ನೊಂದು ವಿಷಯ. ಅಲ್ಲಿ ಚಿಮ್ಮಂಡೆ ಸಾಕುವುದೇ ಒಂದು ಬೇಸಾಯ. 1998ರ ಸುಮಾರಿಗೆ ಶುರುವಾಗಿ, ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ 2013ರ ವರದಿಯ ಹೊತ್ತಿಗೆ ಸುಮಾರು 20,000 ಸಾಕಣೆದಾರರು ಇದ್ದರು. ಸಿಮೆಂಟ್ ತೊಟ್ಟಿ, ಒಳಗೆ ಮೊಟ್ಟೆ ಇಡುವ ರಟ್ಟಿನ ಟ್ರೇ, ಮೇಲೆ ಬಲೆ. ಸುಮಾರು 45 ದಿನಕ್ಕೆ ಕೊಯ್ಲು.

ದುರಿಯನ್ ಬೀಜ ತರಬೇಡಿ ಅಕ್ಕಾ. ಬೀಜ, ಗಿಡ ಹೊರದೇಶದಿಂದ ತರಲು ಪರವಾನಗಿ, ಅಲ್ಲಿನ ಸಸ್ಯ ಆರೋಗ್ಯ ಪತ್ರ ಎರಡೂ ಬೇಕು. ನಮ್ಮ ಸರ್ಕಾರದ 2003ರ ಆದೇಶ ಇದೆ. ಹೊಸ ರೋಗವೊಂದು ಒಳಗೆ ಬಂದರೆ ನಿಮ್ಮ ತೋಟಕ್ಕೇ ಮೊದಲ ಪೆಟ್ಟು, ಅಡಿಕೆ ಎಲೆಚುಕ್ಕಿ ರೋಗದಲ್ಲಿ ನಾವು ಪಟ್ಟ ಪಾಡು ಸಾಲದೇ? ಅಲ್ಲದೆ ಹಲಸಿನ ಬೀಜದ ಹಾಗೆ ಅದೂ ಒಣಗಿದರೆ ಹುಟ್ಟುವುದಿಲ್ಲ. ನೀಲಗಿರಿಯ ಬುರ್ಲಿಯಾರ್ ತೋಟದಲ್ಲೇ ದುರಿಯನ್ ಮರಗಳಿವೆ, ಇಲ್ಲಿನ ನರ್ಸರಿಗಳಲ್ಲೂ ಕಸಿ ಗಿಡ ಸಿಗುತ್ತದೆ. ದುರಿಯನ್ ಹಣ್ಣಿನ ಸುಗ್ಗಿ ಅಲ್ಲಿ ಹೆಚ್ಚು ಕಡಿಮೆ ಏಪ್ರಿಲ್-ಮೇ ತಿಂಗಳಿಂದ. ಡಿಸೆಂಬರಿನಲ್ಲಿ ಸಿಕ್ಕರೆ ಅಂಗಡಿ ಮುಂದೆಯೇ ತಿಂದು ಮುಗಿಸಿ, ಬಹಳ ಹೋಟೆಲಿನವರು ವಾಸನೆಗೆ ಒಳಗೆ ಬಿಡುವುದಿಲ್ಲ.

ಹೊರಡುವ ಮುಂಚೆ ವೀಸಾ ನಿಯಮ ನೋಡಿಕೊಳ್ಳಿ, ಅದು ಬದಲಾಗುತ್ತಿರುತ್ತದೆ. 2025ರ ಮೇ 1ರಿಂದ ಆನ್‌ಲೈನಿನಲ್ಲಿ ಆಗಮನದ ಫಾರ್ಮ್ ತುಂಬುವುದು ಕಡ್ಡಾಯ, ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದಕ್ಕೆ ಹಣ ಇಲ್ಲ. ಯಾರಾದರೂ ಹಣ ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಮೀನಿನ ರಸ ಬೇಡ, ಮೊಟ್ಟೆ ಬೇಡ, ಖಾರ ಕಡಿಮೆ ಅಂತ ಥಾಯ್ ಅಕ್ಷರದಲ್ಲಿ ಬರೆಸಿದ ಚೀಟಿಯ ಫೋಟೋ ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಇವತ್ತು ರಾತ್ರಿ ಹುಡುಕಿ ಇಲ್ಲೇ ಹಾಕುತ್ತೇನೆ.