ಟ್ಯಾಂಕಿಗೆ ಮತ್ತೆ ತುಕ್ಕು

ಪ್ರಶ್ನೆ: ಹಳೆಯ ಯೆಜ್ಡಿ ಬೈಕನ್ನು ಮನೆಯಲ್ಲೇ ಸರಿಮಾಡುತ್ತಿದ್ದೇನೆ. ಟಾಯ್ಲೆಟ್ ಆಸಿಡ್ ಹಾಕಿ ಟ್ಯಾಂಕಿನ ತುಕ್ಕು ತೆಗೆದರೂ ಮರುದಿನವೇ ಒಳಗೆಲ್ಲ ಕೆಂಪಾಯಿತು. ಬಿಸಾಡಬೇಕೇ?
– ಓದುಗರು, ಕಾರವಾರ

ಉತ್ತರ: ಖಂಡಿತ ಬೇಡ. ಆ ಆಸಿಡ್ ತಗಡನ್ನೂ ತಿನ್ನುತ್ತದೆ. ಒಳಗೆ ಉಳಿದ ಅಂಶಕ್ಕೆ ಕರಾವಳಿಯ ತೇವದ ಗಾಳಿ ತಾಗಿದರೆ ಗಂಟೆಗಳಲ್ಲೇ ಹೊಸ ತುಕ್ಕು. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈಹಾಕಬೇಡಿ.

ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಬಿಚ್ಚಿ, ತೂತಿಗೆ ರಬ್ಬರ್ ಬಿರಡೆ ಹಾಕಿ. ಪ್ರತಿ ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಕಂಠಮಟ್ಟ ತುಂಬಿಸಿ ಒಂದು ರಾತ್ರಿ ಬಿಡಿ. ಬಣ್ಣದ ಮೇಲೆ ಚೆಲ್ಲದಿರಲಿ. ಮುಖ್ಯವಾದದ್ದು ಮುಂದಿನ ಅರ್ಧ ಗಂಟೆ: ನೀರು ಚೆಲ್ಲಿದ ಕೂಡಲೇ ಅಡುಗೆಸೋಡಾ ನೀರಿನಲ್ಲಿ ಕುಲುಕಿ, ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಕಾಯದೆ ಹೇರ್ ಡ್ರೈಯರ್‌ನಿಂದ ಒಣಗಿಸಿ. ತಕ್ಷಣ ಸ್ವಲ್ಪ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಹಾಕಿ ಎಲ್ಲ ಮೂಲೆಗೂ ಹರಿಸಿ. ಗಾಡಿ ನಿಂತಿರುವಷ್ಟು ದಿನವೂ ಟ್ಯಾಂಕ್ ತುಂಬ ಪೆಟ್ರೋಲ್ ಇರಲಿ.